ಹಳೆಯ ಕುಲುಮೆ ಸಾಮಾನು: ತಪ್ಪು ಕಲ್ಪನೆ ಮತ್ತು ಸತ್ಯ

ಮನೆಯ ಹಿತ್ತಿಲಲ್ಲಿ ಸಣ್ಣ ಕುಲುಮೆ ಹೂಡಲು ಅಡಿಗಲ್ಲು, ಸುತ್ತಿಗೆ, ಇಕ್ಕಳ, ಗಾಳಿ ಊದುವ ತಿದಿ ಅಥವಾ ಬ್ಲೋವರ್ ಮತ್ತು ಗಟ್ಟಿಯಾದ ಒಂದು ವೈಸ್ ಇದ್ದರೆ ಸಾಕು. ಇಷ್ಟನ್ನೂ ಹಳೆಯದಾಗಿಯೇ ಕೊಳ್ಳಬಹುದು. ತೊಂಡೇಬಾವಿ, ಗೌರಿಬಿದನೂರು ಕಡೆಯ ಆಸಕ್ತರು ಇದಕ್ಕಾಗಿ ಮೊದಲು ಬೆಂಗಳೂರಿನ ರೈಲು ಹತ್ತುತ್ತಾರೆ. ಒಳ್ಳೆಯ ಸಾಮಾನು ಜಾಲಿ ಮೊಹಲ್ಲಾದಂಥ ದೊಡ್ಡ ಗುಜರಿ ಪೇಟೆಯಲ್ಲೇ ಸಿಗುವುದು ಎಂಬ ನಂಬಿಕೆ ಅದಕ್ಕೆ ಕಾರಣ. ಆದರೆ ಗುಜರಿಗೆ ಬಂದ ಕಬ್ಬಿಣ ಬಹುಪಾಲು ಕರಗಲು ಹೊರಟದ್ದು. ನಿಜವಾದ ಕುಲುಮೆ ಸಾಮಾನು ಉಳಿದಿರುವುದು ಹಳ್ಳಿಗಳಲ್ಲಿ. ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲ ಗುಳ ತಟ್ಟಿಸುವವರು ಕಡಿಮೆಯಾಗಿ ಎಷ್ಟೋ ಕುಲುಮೆಗಳು ಆರಿವೆ. ಊರ ಸಂತೆಯಲ್ಲಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕುಡುಗೋಲು, ಗುದ್ದಲಿ ಮಾರುವವರನ್ನು ವಿಚಾರಿಸಿದರೆ ಅಂಥ ಮನೆಗಳ ಸುಳಿವು ಸಿಗುತ್ತದೆ.

ಅಲ್ಲಿ ಗುಜರಿ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುವುದು ಸರಿಯಲ್ಲ. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಕಂಡ ಅಡಿಗಲ್ಲು ಆ ಮನೆಯವರಿಗೆ ಬರೀ ಕಬ್ಬಿಣವಲ್ಲ. ಕೊಳ್ಳುವವರಿಗೂ ಅದು ಗುಜರಿ ದರಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ.

ಅಡಿಗಲ್ಲಿನ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ವಿಲಾಯಿತಿ ಮಾದರಿಯ ಕೊಂಬಿನ ಅಡಿಗಲ್ಲೇ ಬೇಕು ಎನ್ನುವವರು ಬಹಳ. ನಮ್ಮ ಹಳ್ಳಿಯ ಕಮ್ಮಾರರು ಮರದ ದಿಮ್ಮಿಯಲ್ಲಿ ಹೂತ ಸಣ್ಣ ಚೌಕದ ಉಕ್ಕಿನ ಮೇಲೆಯೇ ಮಚ್ಚು, ಗುಳ, ಪಿಕಾಸಿ ಎಲ್ಲವನ್ನೂ ಮಾಡಿದ್ದಾರೆ. ಗೌರಿಬಿದನೂರಿಗೆ ಹೊಂದಿಕೊಂಡ ಮಧುಗಿರಿ ಸೀಮೆಯಲ್ಲಿ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ದಾಖಲಿಸಿದ್ದಾನೆ; ಈ ನೆಲದ ಕಮ್ಮಾರಿಕೆ ಕೊಂಬಿಗಾಗಿ ಕಾದು ಕೂತಿರಲಿಲ್ಲ.

ಗಣಗಣ ಎಂದು ಮೊಳಗಿದರೆ ಒಳ್ಳೆಯ ಅಡಿಗಲ್ಲು ಎಂಬ ಮಾತೂ ಅರ್ಧ ಸತ್ಯ. ಮೊಳಗಬೇಕಾದದ್ದು ಒಡಕು ಸದ್ದು ಮಾಡಿದರೆ ಬಿರುಕಿನ ಶಂಕೆ ಪಡಬೇಕು, ಅಷ್ಟೆ. ಅಮೆರಿಕದ ಫಿಶರ್ ಅಡಿಗಲ್ಲು ಮೊಳಗುವುದೇ ಇಲ್ಲ, ಆದರೂ ಉತ್ತಮ ಹೆಸರು ಪಡೆದಿದೆ. ನಂಬಬಹುದಾದ ಪರೀಕ್ಷೆ ಪುಟಿತದ್ದು. ಬೇರಿಂಗಿನ ಉಕ್ಕಿನ ಗುಂಡನ್ನು 10 ಅಂಗುಲ ಎತ್ತರದಿಂದ ಬಿಡಬೇಕು. 7–8 ಅಂಗುಲ ಪುಟಿದರೆ ಮೇಲ್ಮೈ ಹದವಾಗಿದೆ; ಅರ್ಧಕ್ಕೂ ಏಳದಿದ್ದರೆ ಮೆತ್ತಗಿನ ಕಬ್ಬಿಣವೋ ಬೀಡೋ ಇರಬೇಕು. ನಾಲ್ಕಾರು ಕಡೆ ಬಿಟ್ಟು ನೋಡುವುದು ಅಗತ್ಯ, ಬೆಂಕಿ ಬಿದ್ದ ಅಡಿಗಲ್ಲು ಹದ ಕಳೆದುಕೊಂಡಿರಬಹುದು. ಅಂಚು ಮುಕ್ಕಾಗಿದೆಯೆಂದು ಮೇಲ್ಮೈಯನ್ನು ಉಜ್ಜಿಸಿ ಸಪಾಟು ಮಾಡಿಸುವುದಂತೂ ದೊಡ್ಡ ತಪ್ಪು. ತೆಳುವಾದ ಗಟ್ಟಿ ಪದರವೇ ಹೋಗಿಬಿಡುತ್ತದೆ.

ರೈಲು ಕಂಬಿಯ ತುಂಡು ಅಡಿಗಲ್ಲಾಗುತ್ತದೆ ಎಂಬುದು ನಿಜ. ಅದನ್ನು ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸಿದರೆ ಪೆಟ್ಟಿನ ಕೆಳಗೆ ಪೂರ್ತಿ ತೂಕ ಸಿಗುತ್ತದೆ. ಆದರೆ ಹಳಿಯ ಪಕ್ಕ ಬಿದ್ದದ್ದು ಯಾರದ್ದೂ ಅಲ್ಲ ಎಂಬ ಭಾವನೆ ಅಪಾಯಕಾರಿ. ಕದ್ದ ರೈಲ್ವೆ ಸ್ವತ್ತು ಕೈಯಲ್ಲಿದ್ದರೆ 1966ರ ಕಾಯ್ದೆಯಡಿ 5 ವರ್ಷದವರೆಗೆ ಜೈಲಾಗಬಹುದು. ರೈಲ್ವೆ ತನ್ನ ಹಳೆ ಕಬ್ಬಿಣವನ್ನು ಹರಾಜಿನಲ್ಲಿ ಮಾರುತ್ತದೆ. ಅಲ್ಲಿ ಕೊಂಡ ವ್ಯಾಪಾರಿಯಿಂದ ರಸೀದಿ ಸಹಿತ ಪಡೆಯಬೇಕು.

ತುಕ್ಕು ಹಿಡಿದದ್ದೆಲ್ಲ ಕೆಟ್ಟದ್ದಲ್ಲ. ಮೇಲಿನ ತುಕ್ಕು ತಂತಿ ಬ್ರಷ್‌ಗೆ ಬಿಡುತ್ತದೆ. ಇಕ್ಕಳ ಸಡಿಲಾಗಿದ್ದರೆ ಹೊಸ ರಿವೆಟ್ ಹೊಡೆದರಾಯಿತು, ಚಮ್ಮಟಿಗೆಯ ಕಾವು ಮುರಿದಿದ್ದರೆ ಬೇರೆ ಹಾಕಬಹುದು. ಬಿಡಬೇಕಾದದ್ದು ಬಿರುಕು ಬಿಟ್ಟದ್ದನ್ನು. ಉಳಿಯ ತಲೆ ಅಣಬೆಯಂತೆ ಅರಳಿದ್ದರೆ ಬಳಸುವ ಮುನ್ನ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಬೀಡಿನ ಬೆಂಚ್ ವೈಸ್ ಎಷ್ಟು ಭಾರವಿದ್ದರೂ ಸುತ್ತಿಗೆ ಪೆಟ್ಟಿಗೆ ಸೀಳಬಹುದು; ನೆಲಕ್ಕೆ ಕಾಲೂರಿ ನಿಲ್ಲುವ ವೈಸ್ ಸಿಕ್ಕರೆ ಅದರ ತಿರುಪಿನ ಮರೆ ಸವೆದಿಲ್ಲವೆಂದು ನೋಡಿ ಕೊಳ್ಳಬೇಕು.

ಕೊನೆಯ ನಂಬಿಕೆ ಜೀವಕ್ಕೆ ಸಂಬಂಧಿಸಿದ್ದು. ಸತುವಿನ ಲೇಪವಿರುವ ಜಿ.ಐ. ಪೈಪು, ಪಟ್ಟಿಗಳನ್ನು ಕಾಯಿಸಿ, ಹೊಗೆ ಕುಡಿದರೆ ಹಾಲು ಕುಡಿದು ಸರಿಮಾಡಿಕೊಳ್ಳಬಹುದು ಎನ್ನುತ್ತಾರೆ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಕುಲುಮೆಯ ಬೆಂಕಿ ಅದಕ್ಕಿಂತ ಬಿಸಿ. ಆ ಹೊಗೆಯಿಂದ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಬರುತ್ತದೆ. ಹಾಲು ಇಳಿಯುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಗುಜರಿಯಿಂದ ತಂದ ಬೂದು ಹೊಳಪಿನ ಕಬ್ಬಿಣವನ್ನು ಬೆಂಕಿಗೆ ಹಾಕದಿರುವುದೇ ಸರಿ. ಬ್ಲೋವರಿನಿಂದ ಒಲೆಗೆ ಗಾಳಿ ಒಯ್ಯುವ ಪೈಪಿನಲ್ಲೂ ಬೆಂಕಿ ತಾಗುವ ತುದಿ ಸತು ಇಲ್ಲದ ಕರಿ ಪೈಪಿನದ್ದಾಗಿರಬೇಕು.