ಸೊಪ್ಪು ಒಳ್ಳೆಯದೇ, ಆದರೆ ಯಾರಿಗೆ?

ಮಳೆಗಾಲ ಬಂತೆಂದರೆ ರಾಗಿ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಕೀಳುವುದು ನಮ್ಮ ಮನೆಯ ಖಾಯಂ ಕೆಲಸ. ಇಪ್ಪತ್ತು ವರ್ಷ ಬರಿಗೈಯಲ್ಲೇ ಕಿತ್ತೆ, ಏನೂ ಆಗಲಿಲ್ಲ. 2014ರಲ್ಲಿ ಗಿಡ ಕಿತ್ತ ದಿನ ಸಾಯಂಕಾಲ ಸೀನು ಶುರುವಾಯಿತು. ಮರುವರ್ಷ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ. 2016ರ ಹೊತ್ತಿಗೆ ಕುತ್ತಿಗೆಯ ಚರ್ಮ ದಪ್ಪಗಾಗಿ, ಕೆರೆದ ಕಡೆಯೆಲ್ಲ ನೀರು ಸೋರುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಹೊಲಕ್ಕಿಳಿಯುವಂತಿಲ್ಲ.

ನನ್ನ ಒದ್ದಾಟ ನೋಡಲಾರದೆ ಅವ್ವ, "ಪೇಟೆ ಮುಲಾಮು ಯಾಕೆ ಮಗಾ, ಹೊಲದಾಗೇ ಔಷಧಿ ಐತಲ್ಲ" ಅಂದರು. ಬದುವಿನ ಮೇಲೆ ಹರಡಿಕೊಂಡು ಬೆಳೆಯುವ, ಉದ್ದ ತೊಟ್ಟಿನ ತುದಿಯಲ್ಲಿ ಹಳದಿ-ಬಿಳಿ ಪುಟ್ಟ ಹೂ ಬಿಡುವ ಗಿಡವೊಂದಿದೆ. ಕುಡುಗೋಲು ತಗುಲಿದರೆ ಅದರ ಸೊಪ್ಪನ್ನು ಹಿಂಡಿ ಹಾಕುವುದು ರೂಢಿ. ನಮ್ಮ ಮನೆಯಲ್ಲಿ ಗಾಯದ ಸೊಪ್ಪು ಅಂತಲೇ ಕರೆಯುತ್ತೇವೆ. ಎರಡು ಹಿಡಿ ಸೊಪ್ಪು ಅರೆದು ರಸ ತೆಗೆದು, ಕುತ್ತಿಗೆಗೂ ರೆಪ್ಪೆಗೂ ಹಚ್ಚಿದರು. ಮೊದಲು ತಣ್ಣಗೆ ಹಿತವಾಗಿಯೇ ಇತ್ತು. ಒಂದು ದಿನ ಕಳೆದು ಎದ್ದು ನೋಡಿದರೆ ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು. ಮುಖವೆಲ್ಲ ಬೊಕ್ಕೆ.

ಡಾಕ್ಟರು "ಏನು ಹಚ್ಚಿದ್ರಿ?" ಅಂತ ಕೇಳಿದಾಗ "ಏನೂ ಇಲ್ಲ ಸಾರ್" ಅಂದುಬಿಟ್ಟೆ. ಪಕ್ಕದಲ್ಲಿದ್ದ ಅವ್ವನೇ ಸೊಪ್ಪಿನ ವಿಷಯ ಹೇಳಿದರು. ಡಾಕ್ಟರು ಬೈಯಲಿಲ್ಲ. "ಅಮ್ಮಾ, ನೀವು ಹಚ್ಚಿರೋದು ಕಾಂಗ್ರೆಸ್ ಗಿಡದ ದಾಯಾದಿನೇ. ಇದೂ ಮಗನಿಗೆ ಆಗಿಬಂದಿಲ್ಲ ಅಂತ ಕಾಣುತ್ತೆ" ಅಂದರು. ದಾಯಾದಿ ಎಂಬ ಆ ಒಂದು ಮಾತು ನನಗೆ ಎಷ್ಟೋ ವಿಷಯ ಅರ್ಥ ಮಾಡಿಸಿತು.

ತೊಂದರೆ ಎರಡು ಬಗೆ

ಕಾಂಗ್ರೆಸ್ ಗಿಡದ ಅಸಲಿ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆಯನ್ನು ನಮ್ಮ ದೇಶದಲ್ಲಿ ಗುರುತಿಸಿದ್ದು 1955-56ರ ಸುಮಾರಿಗೆ, ಪುಣೆಯಲ್ಲಿ. ಇದರಿಂದ ಮನುಷ್ಯರಿಗೆ ಬರುವ ತೊಂದರೆ ಎರಡು ಬಗೆಯದು.

ಒಂದು, ಹೂವಿನ ಪರಾಗದ್ದು. ಪರಾಗದಲ್ಲಿರುವ ಪ್ರೋಟೀನನ್ನು ಕೆಲವರ ಮೈ ವೈರಿ ಎಂದು ಬಗೆಯುತ್ತದೆ. ಸೀನು, ಮೂಗು ಸೋರುವುದು, ಕಣ್ಣುರಿ ನಿಮಿಷಗಳಲ್ಲೇ ಬರಬಹುದು; ಕೆಲವರಿಗೆ ಉಬ್ಬಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸುಮಾರು ಎರಡೂವರೆ ಸಾವಿರ ಜನರನ್ನು ಸಮೀಕ್ಷೆ ಮಾಡಿ 1991ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನೂರಕ್ಕೆ ಏಳು ಮಂದಿಗೆ ಈ ಪರಾಗದ ನೆಗಡಿ ಇತ್ತು.

ಇನ್ನೊಂದು, ಚರ್ಮದ್ದು. ಎಲೆ, ಕಾಂಡದ ಸಣ್ಣ ರೋಮಗಳಲ್ಲೂ ಹೂವಿನಲ್ಲೂ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಮುಟ್ಟಿದರೆ ಮಾತ್ರವಲ್ಲ, ಒಣಗಿದ ಗಿಡದ ದೂಳು ಗಾಳಿಯಲ್ಲಿ ಬಂದು ಮೈಮೇಲೆ ಕೂತರೂ ಸಾಕು. ಇದು ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. "ನನಗೇನೂ ಆಗಲ್ಲ" ಅಂತ ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತವರಿಗೂ ಒಂದು ದಿನ ಶುರುವಾಗಬಹುದು. ನನಗೆ ಆದದ್ದು ಹಾಗೆಯೇ.

ದಾಯಾದಿಗಳು ಯಾರು?

ಕಾಂಗ್ರೆಸ್ ಗಿಡ ಸೂರ್ಯಕಾಂತಿ ಕುಟುಂಬದ್ದು. ಸೇವಂತಿಗೆ, ಚೆಂಡುಹೂ, ದವನ, ಮಾಚಿಪತ್ರೆ, ಕೂದಲೆಣ್ಣೆಗೆ ಹಾಕುವ ಗರುಗದ ಸೊಪ್ಪು, ಹುಳದ ಮದ್ದಿನ ಕಾಡುಜೀರಿಗೆ, ನಮ್ಮ ಗಾಯದ ಸೊಪ್ಪು, ಕುಸುಬೆ, ಹುಚ್ಚೆಳ್ಳು ಎಲ್ಲವೂ ಅದೇ ಮನೆಯವು. ಪೇಟೆಯಲ್ಲಿ ಈಗ ಸಿಗುವ ಕ್ಯಾಮೊಮೈಲ್ ಚಹಾ, ಎಕಿನೇಶಿಯ ಎಂಬ ನೆಗಡಿ ಮದ್ದು ಕೂಡ ಹೊರತಲ್ಲ. ಈ ಕುಟುಂಬದ ಪರಾಗ ಆಗದವರು ಕ್ಯಾಮೊಮೈಲ್ ಚಹಾ ಕುಡಿದು ಉಸಿರುಗಟ್ಟಿ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಅಲರ್ಜಿಯ ಭಯಕ್ಕೇ ಬ್ರಿಟನ್ನಿನ ಔಷಧ ನಿಯಂತ್ರಣದವರು 12 ವರ್ಷದೊಳಗಿನ ಮಕ್ಕಳಿಗೆ ಎಕಿನೇಶಿಯ ಕೊಡಬೇಡಿ ಎಂದು 2012ರಲ್ಲಿ ಎಚ್ಚರಿಸಿದ್ದರು.

ಹಾಗಂತ ಇವೆಲ್ಲ ಎಲ್ಲರಿಗೂ ವಿಷವಲ್ಲ. ಅಲರ್ಜಿ ಇದ್ದವರಿಗೂ ಎಲ್ಲ ದಾಯಾದಿಗಳೂ ಕಾಡುವುದಿಲ್ಲ. ಚರ್ಮದ ಆಸ್ಪತ್ರೆಯಲ್ಲಿ ನನ್ನ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡಿದಾಗ ಕಾಂಗ್ರೆಸ್ ಗಿಡಕ್ಕೂ ಸೇವಂತಿಗೆಗೂ ಕೆಂಪಾಗಿತ್ತು. ಆದರೆ ಅಕ್ಕಡಿ ಸಾಲಿನ ಹುಚ್ಚೆಳ್ಳಿನಿಂದ ಈವರೆಗೂ ನನಗೆ ಏನೂ ಆಗಿಲ್ಲ. ಯಾವುದು ಆಗುತ್ತೆ, ಯಾವುದು ಆಗಲ್ಲ ಅನ್ನೋದು ಅವರವರ ಮೈಗೆ ಬಿಟ್ಟದ್ದು. ಅದನ್ನು ಮನೆಯಲ್ಲಿ ರಸ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ.

ಎಲೆಗೂ ರಸಕ್ಕೂ ವ್ಯತ್ಯಾಸ

ಬದುವಿನಲ್ಲಿ ನಡೆಯುವಾಗ ಒಂದೆಲೆ ಕಾಲಿಗೆ ಸೋಕುವುದೇ ಬೇರೆ, ಎರಡು ಹಿಡಿ ಸೊಪ್ಪಿನ ಸಾರ ತೆಗೆದು ಒಡೆದ ಚರ್ಮಕ್ಕೆ ಬಳಿಯುವುದೇ ಬೇರೆ. ಬೆಳೆಗೆ ಔಷಧಿ ಹೊಡೆಯುವಾಗ ಲೀಟರಿಗೆ ಇಷ್ಟೇ ಮಿಲಿ ಅಂತ ಅಳೆಯುವ ನಾವು, ನಮ್ಮ ಮೈಗೆ ಮಾತ್ರ ಅಳತೆಯಿಲ್ಲದೆ ಸುರಿಯುತ್ತೇವೆ.

ಅಲರ್ಜಿ ಒಂದೇ ಅಪಾಯವಲ್ಲ. ಕೆಮ್ಮಿಗೆ ಒಳ್ಳೆಯದೆಂದು ಹೆಸರಾದ ಆಡುಸೋಗೆ ಗರ್ಭಕೋಶವನ್ನು ಸಂಕುಚಿಸಬಲ್ಲದು, ಬಸುರಿಯರಿಗೆ ಕೊಡಬಾರದು. ಉಬ್ಬಸಕ್ಕೆಂದು ಉಮ್ಮತ್ತಿ ಎಲೆಯ ಹೊಗೆ ಸೇದುವವರಿದ್ದಾರೆ. ಅದು ತಲೆಗೇರಿದರೆ ಭ್ರಮೆ, ಎದೆಬಡಿತ, ಜೀವಕ್ಕೇ ಸಂಚಕಾರ. ಈಶ್ವರಿ ಬೇರಿನಲ್ಲಿರುವ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಜೇನು ಸಾಕುವ ಮಿತ್ರರಿಗೂ ಒಂದು ಮಾತು: ಟಾನಿಕ್ ಅಂತ ಮಾರುವ ಜೇನಿನ ಪರಾಗದಲ್ಲಿ ಈ ಕುಟುಂಬದ ಹೂವಿನದೂ ಸೇರಿರಬಹುದು. ಪರಾಗ ಆಗದವರು ತಿಂದರೆ ಗಂಟಲು ಊದೀತು.

ಹೆಸರಿಲ್ಲದ ಪುಡಿ

ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಸಂತೆಯಲ್ಲಿ ಒಬ್ಬರು "ಬರೀ ಗಿಡಮೂಲಿಕೆ" ಅಂತ ಕೊಟ್ಟ ಪುಡಿ ತಿಂದೆ. ಮೂರೇ ದಿನದಲ್ಲಿ ತುರಿಕೆ ಮಾಯ! ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಎರಡು ತಿಂಗಳಾದ ಮೇಲೆ ಮುಖ ಗುಂಡಗೆ ಊದಿತು, ಪುಡಿ ನಿಲ್ಲಿಸಿದೊಡನೆ ತುರಿಕೆ ಇಮ್ಮಡಿಯಾಗಿ ಮರಳಿತು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಎಂದರು ಡಾಕ್ಟರು. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಪತ್ತೆಯಾದದ್ದು ಹೊಸದೇನಲ್ಲ. ಅದನ್ನು ದಿಢೀರನೆ ಬಿಡುವುದೂ ಅಪಾಯ, ಡಾಕ್ಟರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು.

ಈಗ ನಾನು ಪಾಲಿಸುವ ಕ್ರಮ

• ಕಾಂಗ್ರೆಸ್ ಗಿಡವನ್ನು ನಾನು ಮುಟ್ಟುವುದಿಲ್ಲ. ಕೀಳುವವರು ಹೂ ಬಿಡುವ ಮುಂಚೆ, ನೆಲ ಹಸಿಯಿರುವಾಗ, ಕೈಗವಸು, ತುಂಬುತೋಳಿನ ಅಂಗಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಕೀಳುತ್ತಾರೆ. ಒಣಗಿಸಿ ಸುಡುವುದಿಲ್ಲ.
• ಹೊಲದಿಂದ ಬಂದೊಡನೆ ಸ್ನಾನ. ಬಟ್ಟೆ ಬೇರೆಯೇ ಒಗೆಯುತ್ತೇವೆ.
• ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಮಳೆಗಾಲದಲ್ಲಿ ಈ ಗಿಡದ ಎಲೆ ತಿನ್ನುತ್ತದೆ. ಅದು ಕಂಡ ಕಡೆ ವಿಷ ಹೊಡೆಯುವುದಿಲ್ಲ.
• ಸೋರುವ ಚರ್ಮಕ್ಕೆ, ರೆಪ್ಪೆಗೆ ಯಾವ ಸೊಪ್ಪಿನ ರಸವನ್ನೂ ಹಚ್ಚುವುದಿಲ್ಲ.
• ಚೀಟಿಯಿಲ್ಲದ, ಒಳಗೇನಿದೆ ಎಂದು ಬರೆಯದ ಪುಡಿ, ಲೇಹ್ಯ ಬೇಡ.
• ಏನು ಹಚ್ಚಿದೆ, ಏನು ಕುಡಿದೆ ಎಂದು ಡಾಕ್ಟರಿಗೂ ಪಂಡಿತರಿಗೂ ಮುಚ್ಚಿಡದೆ ಹೇಳುತ್ತೇನೆ. ಆದರೆ ಗಿಡದ ಒಂದು ಕಡ್ಡಿಯನ್ನೂ ಒಯ್ಯುತ್ತೇನೆ.
• ಮದ್ದು ತಿಂದ ಮೇಲೆ ತುಟಿ-ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಇನ್ನೊಂದು ಕಷಾಯ ಕಾಯಿಸುತ್ತ ಕೂರಬಾರದು. ತಕ್ಷಣ ಆಸ್ಪತ್ರೆ.

ಆ ಘಟನೆಯ ನಂತರ ಅವ್ವ ಯಾರಿಗೂ ಸೊಪ್ಪು ಕೊಡುವುದನ್ನೇ ಬಿಟ್ಟುಬಿಟ್ಟಿದ್ದರು. "ನನ್ನ ಕೈಯಾರೆ ಮಗನ ಕಣ್ಣು ತೆಗೀತಿದ್ದೆ" ಅಂತ ಕೊರಗು. ಅದನ್ನು ನೋಡಿ ನನಗೆ ತುರಿಕೆಗಿಂತ ಹೆಚ್ಚು ನೋವಾಯಿತು. ಅವರಿಗೆ ಗೊತ್ತಿದ್ದದ್ದು ಸುಳ್ಳಲ್ಲ, ಒಂದು ಪ್ರಶ್ನೆ ಕಡಿಮೆ ಬಿದ್ದಿತ್ತು ಅಷ್ಟೆ. ಈಗ ಮತ್ತೆ ಅಕ್ಕಪಕ್ಕದವರು ಬರುತ್ತಾರೆ. ಅವ್ವ ಮೊದಲು ಕೇಳುವುದು ಒಂದೇ: "ಕಾಂಗ್ರೆಸ್ ಗಿಡ ಮುಟ್ಟಿದ್ರೆ ನಿನಗೆ ಏನಾದ್ರೂ ಆಗ್ತದೇನವ್ವ?" ಹೌದು ಅಂದರೆ ಸೊಪ್ಪು ಕೊಡದೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ನಿಮ್ಮ ಮನೆಯಲ್ಲೂ ಸೊಪ್ಪು ಅರೆಯುವ ಮುಂಚೆ ಈ ಪ್ರಶ್ನೆ ಕೇಳಿ.