ಚಮಚದಲ್ಲಿ ಸಿಕ್ಕ ಕಾಯಿಲೆ

ಕಾಲು ಬಾತರೆ ಕಾಲಿಗೆ ಮದ್ದು, ಹೊಟ್ಟೆ ಉಬ್ಬಿದರೆ ಹೊಟ್ಟೆಗೆ ಮದ್ದು. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ದೊಡ್ಡ ಆಸ್ಪತ್ರೆಗಳಲ್ಲೂ ಹೆಚ್ಚುಕಡಿಮೆ ಇದೇ ನಡೆಯುತ್ತಿತ್ತು. ಮೈತುಂಬ ನೀರು ತುಂಬಿ ಬಂದವರ ರಕ್ತ ಹರಿಸುತ್ತಿದ್ದರು, ಭೇದಿ ಮಾಡಿಸುತ್ತಿದ್ದರು. ಬಾವಿನ ಬೇರು ಎಲ್ಲಿದೆ ಎಂಬುದು ಎಷ್ಟೋ ಸಲ ತಿಳಿಯುತ್ತಲೇ ಇರಲಿಲ್ಲ.

ಅಲ್ಲಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಇಂಥವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಗೆ ಒಡ್ಡುತ್ತಿದ್ದ. ಕುದಿ ಬರುವ ಮೊದಲೇ ಅದು ಮಸುಕಾಗುತ್ತಿತ್ತು. ಅಂಚಿನಲ್ಲಿ ಹಾಲಿನ ಬಣ್ಣ ಮೂಡಿ ಒಳಗೊಳಗೆ ಹರಡಿ, ಕೊನೆಗೆ ಒಡೆದ ಹಾಲಿನಂತೆ ಬಿಳಿ ಗಸಿ ಉಳಿಯುತ್ತಿತ್ತು. ರಕ್ತದಲ್ಲಿ ಇರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದ್ದದ್ದಕ್ಕೆ ಅದು ಸಾಕ್ಷಿ.

ಮೂತ್ರ ಹೀಗೆ ಗಟ್ಟಿಯಾಗುವುದನ್ನು ಇಟಲಿಯ ಡೊಮೆನಿಕೊ ಕೊಟುನ್ಯೊ 1760ರ ದಶಕದಲ್ಲೇ ನೋಡಿದ್ದ. ಬ್ರೈಟ್ ಮಾಡಿದ್ದು ಮುಂದಿನ ಕೆಲಸ. ಚಮಚದಲ್ಲಿ ಗಸಿ ಕಂಡ ರೋಗಿ ತೀರಿಕೊಂಡರೆ ಶವಪರೀಕ್ಷೆಯಲ್ಲಿ ಅದೇ ರೋಗಿಯ ಕಿಡ್ನಿ ತೆಗೆದು ನೋಡುತ್ತಿದ್ದ. ಎಷ್ಟೋ ಕಿಡ್ನಿಗಳು ಗಟ್ಟಿಯಾಗಿ, ಮೇಲ್ಮೈ ತರಿತರಿಯಾಗಿರುತ್ತಿದ್ದವು. ಮೈ ಬಾವು, ಮೂತ್ರದ ಆಲ್ಬುಮಿನ್, ಕೆಟ್ಟ ಕಿಡ್ನಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ 1827ರಲ್ಲಿ ಪುಸ್ತಕ ಪ್ರಕಟಿಸಿದ. ಆ ಕಾಯಿಲೆಗೆ ‘ಬ್ರೈಟನ ರೋಗ’ ಎಂದೇ ಹೆಸರಾಯಿತು. 1842ರಲ್ಲಿ ಗೈಸ್ ಆಸ್ಪತ್ರೆ ಕಿಡ್ನಿ ರೋಗಿಗಳಿಗೆಂದೇ 42 ಹಾಸಿಗೆ ಬಿಟ್ಟುಕೊಟ್ಟಿತು.

ಆದರೆ ಕಾಲು ಬಾಯುವ ಹೊತ್ತಿಗೆ ರೋಗ ಬಹಳ ದೂರ ಸಾಗಿರುತ್ತಿತ್ತು. ಅದಕ್ಕಿಂತ ಮೊದಲು ಏನಾಗುತ್ತದೆ ಎಂದು ಹುಡುಕಿದವನು ಅದೇ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದ್. ಪಟ್ನಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಚಂಪಿಯ ಸ್ನಾನಗೃಹ ನಡೆಸಿದ ಶೇಖ್ ದೀನ್ ಮಹಮದನ ಮೊಮ್ಮಗ. 1870ರ ದಶಕದಲ್ಲಿ ನಾಡಿಯ ಬಡಿತವನ್ನು ಕಾಗದದ ಮೇಲೆ ಗೀಚುವ ಯಂತ್ರ ಹಿಡಿದು ಕೂತ ಈ ತರುಣ, ಆಲ್ಬುಮಿನ್ ಕಾಣುವ ಮೊದಲೇ ರಕ್ತದೊತ್ತಡ ಏರಿರಬಹುದೆಂದು ತೋರಿಸಿದ. 35ರ ವಯಸ್ಸಿನಲ್ಲೇ, 1884ರಲ್ಲಿ, ವಿಷಮಶೀತ ಜ್ವರದಿಂದ ತೀರಿಕೊಂಡ.

1950ರ ದಶಕದ ಕೊನೆಗೆ ಮೇಣದಬತ್ತಿಯ ಕೆಲಸವನ್ನು ಬಣ್ಣ ಬದಲಿಸುವ ಕಾಗದದ ಪಟ್ಟಿ ಮಾಡತೊಡಗಿತು. ನಮ್ಮಲ್ಲಿ ಚೆನ್ನೈನ ಕಿಡ್ನಿ ತಜ್ಞ ಎಂ.ಕೆ. ಮಣಿ ಅವರು ಇನ್ನೂ ಸರಳ ದಾರಿ ಹಿಡಿದರು. ಶಾಲೆ ಕಲಿತ ಹಳ್ಳಿ ಹೆಣ್ಣುಮಕ್ಕಳಿಗೆ ಬಿ.ಪಿ. ನೋಡುವುದನ್ನೂ ಮೂತ್ರಕ್ಕೆ ದ್ರಾವಣ ಹಾಕಿ ಪ್ರೋಟೀನು, ಸಕ್ಕರೆ ಪತ್ತೆಹಚ್ಚುವುದನ್ನೂ ಕಲಿಸಿ, ಚೆನ್ನೈ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಕಳಿಸಿದರು. ತೊಂದರೆ ಕಂಡವರಿಗೆ ಅಗ್ಗದ ಗುಳಿಗೆ ಕೊಟ್ಟರು. ಡಯಾಲಿಸಿಸ್‌ವರೆಗೆ ಹೋಗದಂತೆ ತಡೆಯುವ ಕೆಲಸಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದು ಅಲ್ಲಿ ಕಂಡಿತು.

ಮಾನ್ವಿ ತಾಲೂಕಿನ ಪೋತ್ನಾಳದಂಥ ಊರಿಗೆ ಈ ಕತೆ ಬೇಕಾಗುವುದು ಇಲ್ಲಿಯೇ. ರಾಯಚೂರು ಸೀಮೆಯ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನೀರು ಕುಡಿಯದೆ ದಿನವಿಡೀ ದುಡಿದು, ಸಂಜೆ ಮೈಕೈ ನೋವಿಗೆ ಅಂಗಡಿಯ ಗುಳಿಗೆ ನುಂಗುವ ರೂಢಿ ಕಿಡ್ನಿಗೆ ಎರಡು ಕಡೆಯ ಪೆಟ್ಟು. ಇದರ ಮೇಲೆ ಶುಗರ್, ಬಿ.ಪಿ. ಇದ್ದರೆ ಹೇಳುವುದೇ ಬೇಡ. ಆದರೂ ಕಿಡ್ನಿ ಬಹುಭಾಗ ಕೆಡುವವರೆಗೆ ನೋವು ಕೊಡುವುದಿಲ್ಲ. ಕಾಲು ಬಾತರೂ “ಬಿಸಿಲಿಗಿ ಆಗಿರಬೇಕು” ಎಂದು ಸುಮ್ಮನಿರುವುದು ಸುಲಭ.

ಬ್ರೈಟನ ಚಮಚಕ್ಕಾಗಿ ಎಲ್ಲಿಗೂ ಅಲೆಯಬೇಕಿಲ್ಲ. ಬಸುರಿಯರ ಮೂತ್ರದಲ್ಲಿ ಆಲ್ಬುಮಿನ್ ನೋಡುವುದು ಸರ್ಕಾರಿ ಆರೋಗ್ಯ ಕೇಂದ್ರಗಳ ನಿತ್ಯದ ಕೆಲಸ. ಅದೇ ಪರೀಕ್ಷೆ ಶುಗರ್, ಬಿ.ಪಿ. ಇದ್ದವರಿಗೆ ವರ್ಷಕ್ಕೊಮ್ಮೆ ಬೇಕು, ಜೊತೆಗೆ ರಕ್ತದ ಕ್ರಿಯೇಟಿನಿನ್ ಪರೀಕ್ಷೆ. ಕಾಗದದ ಪಟ್ಟಿಗೆ ಸಿಗದಷ್ಟು ಸಣ್ಣ ಸೋರಿಕೆಯೂ ಇರುವುದರಿಂದ, ಅನುಮಾನವಿದ್ದರೆ ಲ್ಯಾಬಿಗೆ ಕಳಿಸಬೇಕು. ಬಿ.ಪಿ. ಗುಳಿಗೆ ಒಯ್ಯಲು ಹೋದವರು ಬಾಯಿಬಿಟ್ಟು ಕೇಳಬೇಕು: “ಸಿಸ್ಟರ್, ಬಸುರಿಯರಿಗೆ ನೋಡ್ತೀರಲ್ಲ ಆ ಆಲ್ಬುಮಿನ್, ನಂದೂ ಒಮ್ಮಿ ನೋಡ್ರಿ.”