ರಕ್ತದ ಹೆಸರು, ಕಬ್ಬಿಣದ ರೋಗ

ಕಬ್ಬಿಣಾಂಶದ ಕೊರತೆ ನಮ್ಮ ಮನೆಗಳಿಗೆ ಹೊಸ ಸಂಗತಿಯಲ್ಲ. ಗರ್ಭಿಣಿಯರಿಗೂ ಬೆಳೆಯುವ ಹೆಣ್ಣುಮಕ್ಕಳಿಗೂ ಮಾತ್ರೆ ಕೊಡಿಸುವುದನ್ನು ನಾವೆಲ್ಲ ಬಲ್ಲೆವು. ಅದೇ ಕಬ್ಬಿಣ ಮಿತಿಮೀರಿ ಶೇಖರವಾದರೂ ರೋಗವೇ. ವೈದ್ಯರು ಅದನ್ನು ‘ಹೀಮೋಕ್ರೊಮಟೋಸಿಸ್’ ಎಂದು ಕರೆಯುತ್ತಾರೆ.

ಪದ ಗ್ರೀಕ್ ಮೂಲದ್ದು. ‘ಹೈಮ’ ಎಂದರೆ ರಕ್ತ, ‘ಕ್ರೋಮ’ ಎಂದರೆ ಬಣ್ಣ. ‘ಓಸಿಸ್’ ರೋಗಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ಕಬ್ಬಿಣದ ರೋಗದ ಹೆಸರಿನಲ್ಲಿ ಕಬ್ಬಿಣವೇ ಇಲ್ಲದಿರುವುದು ವಿಚಿತ್ರವಲ್ಲವೆ? ಕಾರಣ ಇತಿಹಾಸದಲ್ಲಿದೆ. ಮಧುಮೇಹ, ಗಡುಸಾದ ಯಕೃತ್ತು, ಕಂಚಿನ ಬಣ್ಣಕ್ಕೆ ತಿರುಗಿದ ಚರ್ಮ, ಇವು ಒಬ್ಬನೇ ರೋಗಿಯಲ್ಲಿ ಕೂಡಿ ಬಂದುದನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲಿ ದಾಖಲಿಸಿದರು. ‘ಕಂಚು ಮಧುಮೇಹ’ವೆಂಬ ಹೆಸರು ಮುಂದೆ ರೂಢಿಗೆ ಬಂತು. 1889ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಅಂಗಾಂಗಗಳಲ್ಲಿ ಕಂಡ ಕಂದು ವರ್ಣದ್ರವ್ಯವು ರಕ್ತದಿಂದಲೇ ಬಂದುದೆಂದು ಭಾವಿಸಿ ಈ ಹೆಸರನ್ನಿಟ್ಟರು. ಆ ಕಬ್ಬಿಣ ವಾಸ್ತವವಾಗಿ ಆಹಾರದಿಂದ ಕರುಳು ಅತಿಯಾಗಿ ಹೀರಿಕೊಂಡದ್ದು. ಇಂಗ್ಲೆಂಡಿನ ಶೆಲ್ಡನ್ 1935ರಲ್ಲಿ 311 ರೋಗಿಗಳ ವಿವರಗಳನ್ನು ಪರಿಶೀಲಿಸಿ, ಇದು ಹುಟ್ಟಿನಿಂದ ಬಂದ ದೋಷವೆಂದರು. 1996ರಲ್ಲಿ ವಂಶವಾಹಿಯೂ ಪತ್ತೆಯಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ವಯಸ್ಕರ ದೇಹದಲ್ಲಿರುವ ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ದಿನಕ್ಕೆ ಹೀರಲ್ಪಡುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಹೆಚ್ಚಾದುದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಅದು ಯಕೃತ್ತು, ಮೇದೋಜೀರಕ ಗ್ರಂಥಿ, ಹೃದಯಗಳಲ್ಲಿ ನೆಲೆನಿಲ್ಲುತ್ತದೆ. ಆಗಾಗ ಸುಮಾರು ಅರ್ಧ ಲೀಟರ್ ರಕ್ತ ತೆಗೆಯುವುದೇ ಇಂದಿಗೂ ಮುಖ್ಯ ಚಿಕಿತ್ಸೆ. ಒಮ್ಮೆಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ.

ಈ ಆನುವಂಶಿಕ ರೋಗ ಹೆಚ್ಚಾಗಿ ಉತ್ತರ ಯೂರೋಪಿನ ಮೂಲದವರದು, ನಮ್ಮಲ್ಲಿ ವಿರಳ. ನಮ್ಮ ಚಿಂತೆ ಬೇರೆ. ತೀವ್ರ ಥಲಸ್ಸೀಮಿಯಾದ ಮಕ್ಕಳಿಗೆ ಜೀವ ಉಳಿಸಲೆಂದು ಪದೇ ಪದೇ ಕೊಡುವ ರಕ್ತದ ಪ್ರತಿಯೊಂದು ಬಾಟಲಿಯೂ ಅಷ್ಟೇ ಕಬ್ಬಿಣವನ್ನು ತರುತ್ತದೆ. ಇಂಥ ಶೇಖರಣೆಗೆ ‘ಹೀಮೋಸಿಡರೋಸಿಸ್’ ಎಂಬ ಪದವೂ ಇದೆ. ‘ಸಿಡೆರೋಸ್’ ಎಂದರೆ ಕಬ್ಬಿಣವೇ. ಈ ಮಕ್ಕಳಿಂದ ರಕ್ತ ತೆಗೆಯುವಂತಿಲ್ಲ. ಕಬ್ಬಿಣವನ್ನು ಹಿಡಿದು ಹೊರಹಾಕುವ ಔಷಧಿಯನ್ನು ತಪ್ಪದೆ ಕೊಡಬೇಕು.

ಥಲಸ್ಸೀಮಿಯಾದ ಸೌಮ್ಯ ರೂಪವುಳ್ಳವರ ರಕ್ತಹೀನತೆ ಕಬ್ಬಿಣದ ಕೊರತೆಯಂತೆಯೇ ತೋರಬಹುದು. ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಮತ್ತೊಂದು ಡಬ್ಬಿ ತರುವ ಮೊದಲು ವೈದ್ಯರನ್ನು ಕಂಡು ‘ಫೆರಿಟಿನ್’ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು.